ಮಾಮಾ ಒತ್ತದ ಬಾಣ

ಈಗ ನಮ್ಮ ಮನೆಯಲ್ಲಿ ನೆಟ್ಟಿಗೆ ಕವಡೆ ಕಿಮ್ಮತ್ತಿಲ್ಲ. ಅವ್ವ ಹಾಲು ಕಾಯಲು ಇಟ್ಟು, ಅದು ಉಕ್ಕುವವರೆಗೆ ಯಾರೋ ಗುರುತಿಲ್ಲದವರ ಮನೆಯ ಸೀಮಂತ ನೋಡುತ್ತಾಳೆ. ಅಪ್ಪ ಪಡಸಾಲೆಯಲ್ಲಿ ಟ್ರ್ಯಾಕ್ಟರ್ ಜಗ್ಗಾಟದ ವಿಡಿಯೋ ಹಚ್ಚಿಕೊಂಡು ಹಾಗೇ ನಿದ್ದೆ ಹೋಗುತ್ತಾನೆ. ಟ್ರ್ಯಾಕ್ಟರು ಮಾತ್ರ ಅವನ ಎದೆಯ ಮೇಲೆ ತಾಸುಗಟ್ಟಲೆ ಜಗ್ಗುತ್ತಲೇ ಇರುತ್ತದೆ. ಬಂದ್ ಮಾಡಲೇ ಎಂದರೆ, ಇರಲಿ ಬಿಡು, ಅದೇನು ತಿನ್ನಲು ಕೇಳುತ್ತದೆಯೇ ಎನ್ನುತ್ತಾನೆ. ಇದೇ ಮನೆ, ಇದೇ ಬಾಯಿ. ಹತ್ತು ವರ್ಷದ ಹಿಂದೆ ಇಲ್ಲಿ ನೆಟ್ ಬೀಗರ ಹಾಗೆ ಬರುತ್ತಿತ್ತು. ಹೇಳಿ ಕಳಿಸಿ ಕರೆಸಬೇಕು, ಬಂದಾಗ ಎಲ್ಲರೂ ಕೈಕಟ್ಟಿ ನಿಲ್ಲಬೇಕು, ಚಹಾ ಆರುವುದರೊಳಗೆ ಅದು ಎದ್ದು ಹೊರಟಿರುತ್ತಿತ್ತು.

ನಮ್ಮೂರು ಗೋಕಾಕ ತಾಲೂಕಿನ ಮಮದಾಪುರ. ನಾನು ಆಗ ದಿನಾ ಬಸ್ಸಿನಲ್ಲಿ ಗೋಕಾಕಿಗೆ ಡಿಗ್ರಿ ಕಾಲೇಜಿಗೆ ಹೋಗಿಬರುತ್ತಿದ್ದೆ. ಹಾಗಾಗಿ ಮನೆಯ ಏಕೈಕ ಸ್ಮಾರ್ಟ್ ಫೋನಿಗೆ ನೆಟ್ ಖಾತೆಯ ಮಂತ್ರಿ ನಾನೇ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಶಾಂಪೂ ಪಾಕೀಟಿನ ಮಾಲೆಯ ಪಕ್ಕದಲ್ಲೇ ನೆಟ್ಟನ್ನೂ ಹಾಗೇ ಪಾಕೀಟು ಪಾಕೀಟಾಗಿ ಮಾರುತ್ತಿದ್ದರು. ಒಂದು ದಿನದ್ದು ಬೇರೆ, ಮೂರು ದಿನದ್ದು ಬೇರೆ, ಬರೀ ವಾಟ್ಸಾಪಿಗೆ ಎಂದು ಇನ್ನೊಂದು ಬೇರೆ. ಈ ಕೊನೆಯದನ್ನು ಹಾಕಿಸಿಕೊಂಡವರ ಪಾಡು ಹೇಳತೀರದು. ಗೆಳತಿ ಏನೋ ನೋಡು ಎಂದು ಕೊಂಡಿ ಕಳಿಸುತ್ತಾಳೆ, ಒತ್ತಿದರೆ ತೆರೆಯುವುದಿಲ್ಲ. ಮದುವೆಗೆ ಕರೆದು ಹಂದರದ ಹೊರಗೇ ಕೂರಿಸಿದ ಹಾಗೆ.

ಇನ್ನು ಅವಧಿಯ ಕಥೆ. ಪ್ಯಾಕಿನ ಗಡುವು ಮುಗಿಯಿತೆಂದರೆ ಉಳಿದ ನೆಟ್ಟೂ ಅದರೊಂದಿಗೆ ಸತ್ತುಹೋಗುತ್ತಿತ್ತು. ಅವ್ವನಿಗೆ ಇದು ಎಷ್ಟು ಹೇಳಿದರೂ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಮನೆಯಲ್ಲಿ ಒಂದು ತುತ್ತು ಕೂಡ ಹಾಳಾಗಬಾರದು.

"ಉಳದ ರೊಟ್ಟಿ ಎಮ್ಮಿಗೆ ಹಾಕ್ತೀವಿ. ಉಳದ ನೆಟ್ ಯಾರಿಗೆ ಹಾಕ್ತಾರ?" ಎಂದು ಕೇಳಿದಳು.

ನಾನು ಆ ಪ್ರಶ್ನೆಯನ್ನು ಹಾಗೇ ಅಂಗಡಿಯವರ ಮುಂದಿಟ್ಟೆ. ಅವರು ತಲೆ ಎತ್ತದೇ, ಕಂಪನಿಯವರೇ ತಿನ್ನುತ್ತಾರೆ ಎಂದು ಹೇಳಿದರು. ಅವ್ವ ಅದನ್ನು ಖರೆ ಎಂದೇ ನಂಬಿ, ಅವರಿಗೆ ಒಂದು ಚೂರೂ ಬಿಡಬಾರದು ಎಂದು ಗಡುವಿನ ದಿನ ನನ್ನಿಂದ ಸಿಕ್ಕಸಿಕ್ಕ ಊರಿನ ಹವಾಮಾನವನ್ನೆಲ್ಲ ನೋಡಿಸುತ್ತಿದ್ದಳು.

ಉಳಿದ ದಿನಗಳಲ್ಲಿ ಮಾತ್ರ ಕಾನೂನು ತಿರುವುಮುರುವು. ಪ್ಯಾಕ್ ಮುಗಿದ ಮೇಲೂ ನೆಟ್ ಆನ್ ಇದ್ದರೆ ಅದು ಸದ್ದಿಲ್ಲದೆ ಫೋನಿನ ಬ್ಯಾಲೆನ್ಸಿಗೇ ಬಾಯಿ ಹಾಕಿ, ಬೆಕ್ಕು ಹಾಲಿನ ಪಾತ್ರೆ ನೆಕ್ಕಿದ ಹಾಗೆ ನೆಕ್ಕಿಡುತ್ತಿತ್ತು. ಆದ್ದರಿಂದ ಒಂದು ಮೆಸೇಜ್ ನೋಡಲು ನೆಟ್ ಆನ್, ನೋಡಿದ ಕೂಡಲೇ ಬಂದ್. ಯಾರೇ ಫೋಟೋ ಕಳಿಸಿದರೂ ತಾನಾಗಿ ಇಳಿಯದಂತೆ ನಾನು ಸೆಟ್ಟಿಂಗ್ ಮಾಡಿಟ್ಟಿದ್ದೆ. ಹಾಗೆ ಮಾಡಿದರೆ ಫೋಟೋ ಮೊದಲು ಮಸುಕಾಗಿ ಬರುತ್ತದೆ, ಬಣ್ಣ ಕಲಸಿಟ್ಟ ಹಾಗೆ. ಅದರ ನಡುವೆ ಕೆಳಮುಖದ ಒಂದು ಸಣ್ಣ ಬಾಣದ ಗುರುತು. ಆ ಬಾಣವನ್ನು ಒತ್ತಿದರೆ ನೆಟ್ ಖರ್ಚಾಗಿ ಫೋಟೋ ಸ್ವಚ್ಛವಾಗುತ್ತದೆ. ಬೆಳಗಿನ ಶುಭಾಶಯದ ಗುಲಾಬಿ ಹೂವುಗಳನ್ನೆಲ್ಲ ನಾವು ಹೀಗೆ ಮಸುಕಿನಲ್ಲೇ ನೋಡಿ, ಮಸುಕಿನಲ್ಲೇ ಕೈಮುಗಿದು ಕಳಿಸುತ್ತಿದ್ದೆವು.

ಅಕ್ಕನ ಗಂಡನ ಫೋನಿಗೂ ಈ ಸೆಟ್ಟಿಂಗ್ ನಾನೇ ಮಾಡಿಕೊಟ್ಟಿದ್ದು. ಅವನನ್ನು ನಾನು ಮಾಮಾ ಎನ್ನುತ್ತೇನೆ. ಮೂಡಲಗಿ ಕಡೆಯ ಮಸಗುಪ್ಪಿಯವನು. ಅವರದು ಕುರಿಯ ಮನೆತನ. ಹೊಲವೂ ಇದೆ, ಆದರೆ ಸುಗ್ಗಿ ಮುಗಿಯಿತೆಂದರೆ ಮಾಮಾ ಹಿಂಡು ಹೊಡೆದುಕೊಂಡು ಹುಕ್ಕೇರಿ ಸೀಮೆಗೆ ಹೊರಟುಬಿಡುತ್ತಾನೆ. ಅಲ್ಲಿ ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂರಿಸಲು ರೈತರು ಕರೆಯುತ್ತಾರೆ, ಬದಲಿಗೆ ಕಾಳು ಕೊಡುತ್ತಾರೆ. ಮಾಮಾ ಮಾತು ಕಡಿಮೆಯ ಮನುಷ್ಯ. ಕುರಿಗಳಿಗೆ ಹೇಳುವ ಮಾತುಗಳನ್ನು ಬಿಟ್ಟರೆ ಉಳಿದವರ ಪಾಲಿಗೆ ಹೂಂ, ಉಹೂಂ ಎರಡೇ.

ಸ್ಮಾರ್ಟ್ ಫೋನು ಕೈಗೆ ಬಂದ ಹೊಸದರಲ್ಲಿ ಮಾಮಾ ಏನನ್ನೋ ಒತ್ತಿ ಕಾಲರ್ ಟ್ಯೂನ್ ಹಾಕಿಸಿಕೊಂಡಿದ್ದ. ಫೋನು ಮಾಡಿದವರಿಗೆಲ್ಲ ಒಂದು ಹಿಂದಿ ಪ್ರೇಮಗೀತೆ, ಅದೂ ನಾಯಕಿ ನಾಚಿಕೊಂಡು ಹಾಡುವಂಥದು. ಆದರೆ ಅದು ಫೋನಿನ ಒಡೆಯನಿಗೆ ಕೇಳುವುದಿಲ್ಲವಲ್ಲ. ಕುರಿ ಕೂರಿಸಲು ಕರೆಯುವ ರೈತರು, ಮೇಕೆ ವ್ಯಾಪಾರಿಗಳು, ಅಳಿಯನ ಯೋಗಕ್ಷೇಮ ಕೇಳುವ ನಮ್ಮ ಅಪ್ಪ, ಎಲ್ಲರೂ ಆ ಹಾಡನ್ನು ಗಂಭೀರವಾಗಿ ಕೇಳಿಸಿಕೊಂಡೇ ಮಾತಿಗಿಳಿಯಬೇಕಿತ್ತು. ತನ್ನ ಬ್ಯಾಲೆನ್ಸ್ ಎಲ್ಲಿ ಸೋರುತ್ತಿದೆ ಎಂದು ಮಾಮಾನಿಗೆ ಗೊತ್ತಾದಾಗ ಊರೆಲ್ಲ ಆ ಹಾಡನ್ನು ಬಾಯಿಪಾಠ ಮಾಡಿತ್ತು. ಅಂದಿನಿಂದ ಕರೆ ಎತ್ತುವ ಹಸಿರು, ಇಡುವ ಕೆಂಪು, ಮೆಸೇಜು ತೆರೆಯುವುದು, ಬಂದದ್ದಕ್ಕೆ ಕೈಮುಗಿಯುವ ಚಿತ್ರ ಕಳಿಸುವುದು, ಇಷ್ಟನ್ನು ಬಿಟ್ಟು ಬೇರೇನೂ ಒತ್ತಲಾರೆ ಎಂದು ಮಾಮಾ ಶಪಥ ಮಾಡಿದ.

ಆ ವರ್ಷ ಮಾಮಾನ ಹಿಂಡು ಕಣಗಲಾ ಹತ್ತಿರ, ಹೈವೇ ಪಕ್ಕದ ಹೊಲಗಳಲ್ಲಿ ಇತ್ತು. ಅಲ್ಲಿಂದ ಮಹಾರಾಷ್ಟ್ರ ದೂರವಿಲ್ಲ. ಗಡಿ ಯಾವುದು, ಎಲ್ಲಿದೆ ಎಂದು ದೊಡ್ಡವರು ವಾದ ಮಾಡುತ್ತಿರಲಿ, ಫೋನಿಗೆ ಮಾತ್ರ ಆ ಗೊಂದಲವೇ ಇರಲಿಲ್ಲ. ಯಾವ ಟವರಿನ ಗಾಳಿ ಜೋರಾಗಿ ಬೀಸುತ್ತದೋ ಅದರ ಮಡಿಲಿಗೆ ಹೋಗಿ ಬೀಳುತ್ತಿತ್ತು. ಮಾಮಾ ಕರ್ನಾಟಕದ ಹೊಲದಲ್ಲಿ, ಕರ್ನಾಟಕದ ಕುರಿಗಳ ನಡುವೆ ಕೂತು ಕರ್ನಾಟಕದ ರೊಟ್ಟಿ ತಿನ್ನುತ್ತಿದ್ದರೆ, ಅಂಗಿಯ ಜೇಬಿನಲ್ಲಿದ್ದ ಫೋನು ಮಹಾರಾಷ್ಟ್ರಕ್ಕೆ ಸುಸ್ವಾಗತ ಎಂದು ಮೆಸೇಜ್ ಕಳಿಸುತ್ತಿತ್ತು. ಹಾಗಾದ ಕೂಡಲೇ ಗೋಕಾಕದಲ್ಲಿ ನಾನು ಹಾಕಿಸಿಕೊಟ್ಟ ನೆಟ್ ಪ್ಯಾಕ್ ಸ್ತಬ್ಧ. ಕರೆ ಬರುತ್ತಿತ್ತು, ಹೋಗುತ್ತಿತ್ತು, ಅದಕ್ಕೂ ಹೆಚ್ಚಿನ ದರ. ಕುರಿ ನೀರಿಗೆ ಹೊಡೆಯುವಾಗ ಸ್ವಲ್ಪ ಈಚೆ ಬಂದರೆ ನೆಟ್ ಮತ್ತೆ ಕರ್ನಾಟಕಕ್ಕೆ ಮರಳಿ ಒಂದೆರಡು ಉಸಿರು ಬಿಡುತ್ತಿತ್ತು.

ಅದೇ ಹೊತ್ತಿಗೆ ಅಕ್ಕ ಮೂರನೇ ಹೆರಿಗೆಗೆ ತವರಿಗೆ ಬಂದಳು. ಮೊದಲಿನ ಎರಡೂ ಹೆಣ್ಣು. ಆ ಎರಡು ಸಲವೂ ಮಾಮಾ ಸುದ್ದಿ ಮುಟ್ಟಿದ ಮರುದಿನವೇ ಹೆಗಲ ಮೇಲೆ ಬೆಲ್ಲದ ಪೆಂಟೆ ಹೊತ್ತು ಬಂದಿದ್ದ. ಮೂರನೆಯದೂ ಹೆಣ್ಣಾಯಿತು. ಗೋಕಾಕಿನ ದವಾಖಾನೆಯಲ್ಲಿ ಮಗುವನ್ನು ಕಂಡ ನೆಂಟರು ಒಬ್ಬೊಬ್ಬರೇ, ಇರಲಿ ಬಿಡು, ದೇವರು ಕೊಟ್ಟದ್ದು, ಎಂದು ಯಾರೂ ಕೇಳದಿದ್ದರೂ ಸಮಾಧಾನ ಹೇಳಿ ಹೋದರು. ಇಂಥ ಸಮಾಧಾನ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಈಗಲೂ. ಅಕ್ಕ ಮಾತ್ರ ಮಗುವನ್ನು ಅವ್ವನ ಹಳೆಯ ಕೆಂಪು ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕಡೆ ತಿರುಗಿಸಿ, ಫೋಟೋ ತೆಗೆದು ಅವರಿಗೆ ಕಳಿಸು ಎಂದಳು. ಕಳಿಸಿದೆ. ಕಳಿಸಿದ ಫೋಟೋದ ಕೆಳಗೆ ಒಂದು ಟಿಕ್ ಬಂತು, ಅಂದರೆ ಇಲ್ಲಿಂದ ಹೋಗಿದೆ. ಎರಡು ಟಿಕ್ ಬಂದರೆ ಅಲ್ಲಿ ಮುಟ್ಟಿದೆ. ಎರಡೂ ನೀಲಿಯಾದರೆ ತೆರೆದು ನೋಡಿದ್ದಾರೆ ಎಂದು ಅರ್ಥ. ಇದನ್ನು ನಾನೇ ಅಕ್ಕನಿಗೆ ಕಲಿಸಿದ್ದೆ.

ಅದೇ ಸಂಜೆ ಅಪ್ಪ ಊರಿನ ಅಯ್ಯನವರ ಬಳಿ ಹೋಗಿ ಪಂಚಾಂಗ ತೆರೆಸಿದ. ಮೂಲಾ ನಕ್ಷತ್ರ. ತಂದೆಗೆ ಕೇಡು, ಶಾಂತಿ ಆಗುವವರೆಗೆ ತಂದೆ ಮಗುವಿನ ಮುಖ ನೋಡಬಾರದು, ಅದೇ ನಕ್ಷತ್ರ ಮತ್ತೆ ಬಂದಾಗ ಎಣ್ಣೆಯಲ್ಲಿ ಅದರ ನೆರಳು ನೋಡಿ ಆಮೇಲೆ ಮುಖ ನೋಡಬೇಕು ಎಂದರು. ಅಪ್ಪ ಮಾಮಾನಿಗೆ ಫೋನು ಮಾಡಿ ಹೆಣ್ಣಾದ ಸುದ್ದಿ, ನಕ್ಷತ್ರದ ಸುದ್ದಿ ಎರಡನ್ನೂ ಹೇಳಿ, ನಾವು ಕರೆದಾಗ ಬನ್ನಿ ಎಂದ. ಮಾಮಾ ಹೂಂ ಎಂದ. ಫೋಟೋ ಹೋಗಿರುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದ ಮೇಲೆ ವಿಷಯ ತಿಳಿದು ಅವ್ವ ಗಾಬರಿಯಾದಳು. ಫೋಟೋ ನೋಡಿದರೆ ಮುಖ ನೋಡಿದ ಹಾಗೆಯೋ ಅಲ್ಲವೋ? ಅಪ್ಪ ಮತ್ತೆ ಅಯ್ಯನವರ ಬಳಿ ಓಡಿದ. ಅವರು ಪಂಚಾಂಗ ಮಗುಚಿ ಹಾಕಿ, ಇದರಲ್ಲಿ ಫೋನಿನ ಮಾತೇ ಇಲ್ಲ, ಆದದ್ದು ಆಯಿತು, ಸುಮ್ಮನಿರಿ ಎಂದು ಕಳಿಸಿದರು. ಸುಮ್ಮನಿರುವುದು ಅಕ್ಕನಿಗೆ ಆಗಬೇಕಲ್ಲ. ಅವಳು ಬಾಣಂತಿ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟು, ಮೇಲೆ ಬಟ್ಟೆ ಕಟ್ಟಿ, ಕೊನೆಗೆ ಶಾಲನ್ನೂ ಸುತ್ತಿಕೊಂಡು ಕೂತಿದ್ದಳು. ಕಿವಿಗೆ ಫೋನು ಇಟ್ಟರೆ ಗಾಳಿ ಹೋಗುತ್ತದೆ, ಜನ್ಮವಿಡೀ ತಲೆನೋವು ಎಂದು ಅವ್ವ ಮಾತಾಡುವುದನ್ನೇ ಬಂದ್ ಮಾಡಿದ್ದಳು. ಹಾಗಾಗಿ ಗಂಡ ಹೆಂಡತಿಯ ನಡುವೆ ಇದ್ದ ದಾರಿ ಆ ಫೋಟೋ ಒಂದೇ. ಅಕ್ಕ ನನ್ನ ಫೋನನ್ನು ಕೌದಿಯೊಳಗೆ ಒಯ್ದು ಟಿಕ್ ನೋಡುತ್ತಿದ್ದಳು.

ಫೋಟೋ ಕಳಿಸಿದ ಮರುದಿನ ಸಂಜೆ ಎರಡು ಟಿಕ್ ಆಯಿತು. ಸ್ವಲ್ಪ ಹೊತ್ತಿಗೆ ಎರಡೂ ನೀಲಿಯಾದವು. ಅಕ್ಕ ಫೋನು ಹಿಡಿದೇ ಕೂತಳು. ಉತ್ತರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ಕೈಮುಗಿಯುವ ಚಿತ್ರವೂ ಇಲ್ಲ. ಊರ ಗುಲಾಬಿಗೆಲ್ಲ ಕೈಮುಗಿಯುತ್ತಿದ್ದವನು ಹೆತ್ತ ಮಗಳಿಗೆ ಮುಗಿಯಲಾರನೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಫೋನು ಹಚ್ಚಿದೆ. ಫೋಟೋ ನೋಡಿದಿರಾ ಎಂದು ಕೇಳಿದರೆ, ಬಂದಿದೆ ಎಂದ. ಮಗಳು ಹೇಗಿದ್ದಾಳೆ ಎಂದೆ. ಮಾಮಾನ ಹಿಂದೆ ಕುರಿಗಳ ಸದ್ದು.

"ನೀವ ಕಳಿಸೀರಿ. ನಿಮಗ ಗೊತ್ತಿರತೈತಿ ಅಲಾ," ಎಂದ.

ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿಯೇ ಅಕ್ಕ ಎಲ್ಲ ತಿಳಿದುಕೊಂಡಳು. ಆದರೂ ಕೇಳಿದಳು, ನಾನು ಹೇಳಿದೆ. ಸುಳ್ಳು ಹೇಳಬಹುದಿತ್ತು, ನನಗೆ ಬರುವುದಿಲ್ಲ. ಇನ್ನೊಂದು ಫೋಟೋ ಕಳಿಸಲೇ ಎಂದಿದ್ದಕ್ಕೆ, ಬೇಡ, ನೋಡಿದ್ದೇ ಸಾಕಾಗಿದೆ ಅವರಿಗೆ ಎಂದಳು. ಆಮೇಲೆ ಫೋನು ಕೇಳಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಮಾಮಾನ ತಾಯಿ ಬಂದರು, ಹಾಡು ಹೇಳಿದರು, ಹೋದರು. ನಕ್ಷತ್ರ ಮರಳಿ ಬರುವ ದಿನ ಮಾಮಾ ಬರಬೇಕಿತ್ತು, ಬರಲಿಲ್ಲ. ಒಂದು ಹೊಲದಲ್ಲಿ ಕುರಿ ಕೂರಿಸಲು ಮಾತು ಕೊಟ್ಟಿದ್ದಾನೆ, ಜೊತೆಯವನು ಜ್ವರದಲ್ಲಿ ಮಲಗಿದ್ದಾನೆ, ಹಿಂಡು ಬಿಡಲಾಗದು ಎಂದು ಸುದ್ದಿ ಬಂತು. ಅಕ್ಕ ಹೌದೇ ಎಂದಳು ಅಷ್ಟೇ. ಮಗುವಿಗೆ ಎಣ್ಣೆ ಹಚ್ಚುತ್ತ ಅವ್ವನ ಬಳಿ, ನಾನು ಇಲ್ಲೇ ಇನ್ನಷ್ಟು ತಿಂಗಳು ಇರಬಹುದೇ ಎಂದು ಕೇಳಿದಳಂತೆ. ಅವ್ವ ಅದನ್ನು ನನಗೆ ಹೇಳುವಾಗ ದನಿ ಇಳಿಸಿ ಹೇಳಿದಳು. ಮೂರು ಹೆಣ್ಣುಮಕ್ಕಳೊಂದಿಗೆ ತವರಿನಲ್ಲೇ ಉಳಿಯುವ ಮಾತು ಅದು. ನಮ್ಮ ಕಡೆ ಅದನ್ನು ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ. ನನಗೆ ಅವತ್ತು ನಿಜಕ್ಕೂ ಹೆದರಿಕೆಯಾಯಿತು.

ಅಯ್ಯನವರು ಇನ್ನೊಂದು ಒಳ್ಳೆಯ ದಿನ ತೆಗೆದುಕೊಟ್ಟರು. ಆ ಮುಂಜಾನೆ ಮಾಮಾ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬೆಲ್ಲದ ಪೆಂಟೆ, ಕಾಲಿನ ಧೂಳು ಮೊಣಕಾಲಿನವರೆಗೆ. ಅಕ್ಕ ಕೋಣೆಯಿಂದ ಹೊರಗೆ ಬರಲಿಲ್ಲ. ಶಾಂತಿಯ ಪೂಜೆಗೆ ಕರೆದಾಗ ಬಂದು ಬಾಗಿಲಿನ ಪಕ್ಕ ಬೇರೆ ಕಡೆ ಮುಖ ಮಾಡಿ ನಿಂತಳು. ಪೂಜೆ ಮುಗಿದ ಮೇಲೆ ಅಯ್ಯನವರು ಕಂಚಿನ ಬಟ್ಟಲಿನಲ್ಲಿ ಎಣ್ಣೆ ತುಂಬಿಸಿ ಮಾಮಾನ ಮುಂದಿಟ್ಟರು. ಅವ್ವ ಮಗುವನ್ನು ಅವನ ಬೆನ್ನ ಹಿಂದಿನಿಂದ ಭುಜದ ಮೇಲೆ ಬಾಗಿಸಿ ಹಿಡಿದಳು. ಮಾಮಾ ಎಣ್ಣೆಯೊಳಗೆ ನೋಡಿದ. ಬಹಳ ಹೊತ್ತು ನೋಡಿದ. ಸಾಕು, ಈಗ ತಿರುಗಿ ನೋಡಿ ಎಂದು ಅಯ್ಯನವರು ಹೇಳಿದರೂ ತಿರುಗಲಿಲ್ಲ. ಅದರ ಬದಲು ಅಂಗಿಯ ಒಳಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಫೋನನ್ನು ತೆಗೆದ.

"ಅಯ್ಯಾರ, ಇನ್ನ ಇದನ್ನ ಒತ್ತಬೌದೇನ್ರಿ?" ಎಂದ.

ಅಯ್ಯನವರಿಗೆ ಏನೂ ತಿಳಿಯಲಿಲ್ಲ. ನಾನು ಹೋಗಿ ಬಗ್ಗಿ ನೋಡಿದೆ. ನಾನು ಕಳಿಸಿದ ಫೋಟೋ, ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಕೆಂಪು ಬಣ್ಣ ಕಲಸಿದ ನಡುವೆ ಕಂದು ಬಣ್ಣದ ಒಂದು ಗುಂಡನೆಯ ಮಸುಕು, ಅದರ ಮೇಲೆ ಒತ್ತದೇ ಉಳಿದ ಬಾಣ. ಕಾಲರ್ ಟ್ಯೂನಿನ ಹೆದರಿಕೆಗೆ ಒತ್ತಿಲ್ಲ ಎಂದು ನಾನು ತಿಳಿದೆ. ನಗುವೂ ಬಂತು, ತಲೆ ಚಚ್ಚಿಕೊಳ್ಳುವ ಹಾಗೂ ಆಯಿತು. ಬಾಣ ಒತ್ತಿದರೆ ಯಾವ ಹಾಡೂ ಬರುವುದಿಲ್ಲ ಮಾಮಾ, ಅಂದೇ ಒತ್ತಬೇಕಿತ್ತು ಎಂದೆ. ಮಾಮಾ ನನ್ನನ್ನು ದಡ್ಡಿಯ ಹಾಗೆ ನೋಡಿದ. ಬಾಣ ಒತ್ತಿದರೆ ಮುಖ ಕಾಣುತ್ತದೆ ಎಂದು ಅವನಿಗೆ ಗೊತ್ತೇ ಇತ್ತು. ಸಂಕೇಶ್ವರದ ರೀಚಾರ್ಜ್ ಅಂಗಡಿಯವನು ಕೂಸಿನ ಫೋಟೋ ಸ್ವಚ್ಛ ಮಾಡಿಕೊಡುತ್ತೇನೆ ಎಂದು ಬೆರಳು ಮುಂದೆ ಮಾಡಿದ್ದನಂತೆ, ಮಾಮಾ ಫೋನು ಕಸಿದುಕೊಂಡು ಬಂದಿದ್ದ.

ಅವನು ತಿಳಿದದ್ದು ಹೀಗೆ. ಮಾವನವರು ಫೋನು ಮಾಡಿ, ಮೂಲಾ ನಕ್ಷತ್ರ, ಮುಖ ನೋಡಬಾರದು ಎಂದರು. ಅದರ ಮರುದಿನ ಫೋಟೋ ಬಂತು, ಮುಖದ ಮೇಲೆ ಮುಸುಕು ಎಳೆದುಕೊಂಡೇ ಬಂತು. ಅಂದರೆ ಮಾವನ ಮನೆಯವರು ತಿಳಿದವರು. ತಂದೆಯ ಮನಸ್ಸು ತಡೆಯಲಿಕ್ಕಿಲ್ಲ ಎಂದು ಕೂಸನ್ನೂ ಕಳಿಸಿದ್ದಾರೆ, ಶಾಸ್ತ್ರ ತಪ್ಪಬಾರದೆಂದು ಮುಖವನ್ನೂ ಮುಚ್ಚಿದ್ದಾರೆ, ದಿನ ಬಂದಾಗ ತೆರೆಯಲಿ ಎಂದು ಬಾಣ ಇಟ್ಟಿದ್ದಾರೆ. ಇಷ್ಟು ಮರ್ಯಾದೆ ತೋರಿದವರ ಮುಂದೆ ತಾನು ಅವಸರ ಮಾಡಬಾರದು. ನಾನು ಫೋನಿನಲ್ಲಿ ಮಗಳು ಹೇಗಿದ್ದಾಳೆ ಎಂದು ಕೇಳಿದಾಗ, ಮುಸುಕು ತೆಗೆದು ನೋಡಿದನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾಳೆ ಎಂದೇ ಅವನಿಗೆ ಅನಿಸಿತ್ತು. ನೋಡಿದ್ದರಲ್ಲವೇ ಹೇಳಲು?

ಹುಟ್ಟಿದಾಗಿನಿಂದ ಅಷ್ಟು ಉದ್ದ ಮಾತನ್ನು ಮಾಮಾ ಅವತ್ತೇ ಆಡಿದ್ದಿರಬೇಕು. ನಾನು ಅಕ್ಕನ ಕಡೆ ನೋಡಿದೆ. ಬೇರೆ ಕಡೆ ಮಾಡಿದ್ದ ಮುಖ ಈ ಕಡೆ ತಿರುಗಿತ್ತು.

ಅಯ್ಯನವರು ಒತ್ತಬಹುದು ಎಂದರು. ಪಂಚಾಂಗ ನೋಡದೇ ಅವರು ಅಪ್ಪಣೆ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ನೆಟ್ ಆನ್ ಮಾಡಿಕೊಟ್ಟೆ. ಮಾಮಾ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಬಾಣವನ್ನು ಒತ್ತಿದ. ಅಷ್ಟು ಒತ್ತಬೇಕಾಗಿರಲಿಲ್ಲ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಅವ್ವ, ಅಪ್ಪ, ಅಯ್ಯನವರು, ಎಲ್ಲರೂ ನಿಜವಾದ ಮಗುವನ್ನು ಬಿಟ್ಟು ಆ ಚಕ್ರ ತಿರುಗುವುದನ್ನು ನೋಡುತ್ತ ನಿಂತೆವು. ಅದು ತಿರುಗಿತು, ನಿಂತಿತು, ಇಂಗ್ಲಿಷಿನಲ್ಲಿ ಏನೋ ಬರೆದು ತೋರಿಸಿತು. ಬಹಳ ದಿನ ಇಳಿಸಿಕೊಳ್ಳದೇ ಬಿಟ್ಟ ಫೋಟೋ ಅಲ್ಲಿ ಉಳಿಯುವುದಿಲ್ಲ ಎಂದು ನನಗೂ ಅವತ್ತೇ ಗೊತ್ತಾದದ್ದು.

ಏನಂತೆ ಎಂದು ಮಾಮಾ ಕೇಳಿದ. ಫೋಟೋ ಈಗ ಇಲ್ಲವಂತೆ, ಕಳಿಸಿದವರಿಗೆ ಇನ್ನೊಮ್ಮೆ ಕಳಿಸಲು ಹೇಳಬೇಕಂತೆ ಎಂದು ನಾನು ಓದಿ ಹೇಳಿದೆ. ಮಾಮಾನ ಮುಖ ಸಣ್ಣದಾಯಿತು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಇಷ್ಟು ದಿನ ಇತ್ತಲ್ಲ, ನಿನ್ನೆಯೂ ಇತ್ತಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡ.

ಅಕ್ಕ ಬಾಗಿಲು ಬಿಟ್ಟು ಬಂದಳು. ಅವ್ವನ ಕೈಯಿಂದ ಮಗುವನ್ನು ತೆಗೆದುಕೊಂಡು, ಮಾಮಾನ ಕೈಯಲ್ಲಿದ್ದ ಫೋನನ್ನು ಬದಿಗೆ ಸರಿಸಿ, ಅವನ ತೊಡೆಯ ಮೇಲೆ ಮಗುವನ್ನು ಮಲಗಿಸಿದಳು.

"ತಗೋರಿ, ಇನ್ನೊಮ್ಮೆ ಕಳಿಸೇನಿ," ಎಂದಳು. "ಮೂರನೇದೂ ಹೆಣ್ಣಾತು ಅಂತ ನೀವು ಸಿಟ್ಟಾಗೀರಿ ಅಂತ ಮಾಡಿದ್ನಿ."

ಮಾಮಾ ತಲೆ ಎತ್ತಲಿಲ್ಲ. ಮಗುವಿನ ಮುಖದ ಮೇಲೆ ಬಿದ್ದಿದ್ದ ಬಟ್ಟೆಯ ಅಂಚನ್ನು ಒಂದೇ ಬೆರಳಿನಿಂದ ಸರಿಸಿದ.

"ಹೆಣ್ಣಂತ ಸಿಟ್ಟಾಗಾಕ ಹೊತ್ತರ ಎಲ್ಲಿತ್ತ? ಆ ಮಸುಕಿನ್ಯಾಗ ಮೂಗ ಎಲ್ಲೈತಿ, ಕಣ್ಣ ಎಲ್ಲೈತಿ ಅಂತ ಹುಡಕೂದ್ರಾಗ ನನ್ನ ದಿನಾ ಎಲ್ಲಾ ಹ್ವಾದುವು."

ಅಕ್ಕ ಅಲ್ಲೇ ಕೂತು ಅತ್ತಳು. ಬಾಣಂತಿ ಅಳಬಾರದು ಎಂದು ಗದರಿಸಲು ಹೋದ ಅವ್ವನೂ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಗಂಗಾಳ ಹಾಕಿ ಅಳಿಯನನ್ನು ಊಟಕ್ಕೆ ಕರೆದಳು, ರೊಟ್ಟಿ ಆರುತ್ತದೆ ಎಂದು ಮತ್ತೊಮ್ಮೆ ಕರೆದಳು. ಮಾಮಾ ಹೂಂ ಎಂದ, ಆದರೆ ಏಳಲಿಲ್ಲ.